ಬಾಗಿಲುತಾತ ಕೇಳುತ್ತಿದ್ದದ್ದು

ವ್ಯಾನಿನ ಹಿಂಬಾಗಿಲು ಕೂರಲೇ ಇಲ್ಲ. ಚಾಲಕ ಕೈಯಿಂದ ದೂಡಿದ, ಭುಜ ಕೊಟ್ಟು ಒತ್ತಿದ, ಕೊನೆಗೆ ಬೆನ್ನು ತಿರುಗಿಸಿ ಹಿಮ್ಮಡಿಯಲ್ಲಿ ಒದ್ದ. ಚಿಲಕ ಹಟ ಬಿಡಲಿಲ್ಲ. ಒಳಗೆ ಸ್ಟ್ರೆಚರಿನ ಮೇಲೆ ಬಿಳಿ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದ ಮುದುಕನ ಕಾಲೇನಾದರೂ ಅಡ್ಡ ಬರುತ್ತಿದೆಯೋ ಎಂದು ದಫೇದಾರ ಬಗ್ಗಿ ನೋಡಿದ. ಅದೂ ಇರಲಿಲ್ಲ.

"ಇದು ತಾತನದೇ ಕೆಲಸ," ಎಂದ ಟೀ ಅಂಗಡಿಯವ. ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಒಗೆದ ಅಂಗಿ ತೊಟ್ಟು ಬಂದಿದ್ದ. "ಬದುಕಿದ್ದಾಗ ಒಂದು ಬಾಗಿಲನ್ನೂ ಸುಮ್ನೆ ಹಾಕೋಕೆ ಬಿಟ್ಟೋರಲ್ಲ. ಈಗ ಬಿಡ್ತಾರಾ? ಕೇಳ್ಬೇಕು ಕಣಪ್ಪಾ. ಒಳಗೆ ಯಾರಿದ್ದೀರಾ ಅಂತ ಕೇಳಿ, ಆಮೇಲೆ ಹಾಕ್ಬೇಕು."

"ಒಳಗಿರೋದು ಹೆಣ. ಅದನ್ನೇನ್ ಕೇಳೋದು?" ಎಂದ ಚಾಲಕ. ಸೀಟಿನ ಕೆಳಗಿಂದ ಹಗ್ಗ ತೆಗೆದು ಬಾಗಿಲಿನ ಎರಡು ಹಿಡಿಗಳನ್ನೂ ಸೇರಿಸಿ ಬಿಗಿದು ಕಟ್ಟಿ, ಕೈ ಒರೆಸಿಕೊಂಡು ಮುಂದಕ್ಕೆ ಹೋಗಿ ಕೂತ.

ದಫೇದಾರ ನಗಲಿಲ್ಲ. ಚಾಲಕನ ಪಕ್ಕ ಬಂದು ಕೂತ ಅವನ ತೊಡೆಯ ಮೇಲೆ ಮುದುಕನ ದಪ್ಪ ಕೋಟಿತ್ತು. ಹತ್ತಿ ತುಂಬಿ ಅಡ್ಡಡ್ಡ ಹೊಲಿಗೆ ಹಾಕಿದ, ತಲೆಗೂ ಮುಚ್ಚಿಕೊಳ್ಳುವಂಥ, ಮೊಣಕಾಲಿನವರೆಗೆ ಬರುವ ಕೋಟು. ಒಂದು ಕಾಲಕ್ಕೆ ನೀಲಿ ಬಣ್ಣದ್ದಿರಬೇಕು. ಮುದುಕ ಬೇಸಿಗೆಯಲ್ಲೂ ಅದನ್ನು ತೊಟ್ಟೇ ಓಡಾಡುತ್ತಿದ್ದ. ಮಂದಿ ಫ್ಯಾನಿನ ಕೆಳಗೂ ಬೆವರಿ ನೀರಾಗುವ ದಿನಗಳಲ್ಲಿ ಒಬ್ಬ ಮನುಷ್ಯನಿಗೆ ಇಂಥ ಕೋಟು ಯಾಕೆ ಬೇಕು? ಇದು ದಫೇದಾರನನ್ನು ಒಂದು ವರ್ಷದಿಂದ ಕೊರೆಯುತ್ತಿದ್ದ ಎರಡನೆಯ ಪ್ರಶ್ನೆ. ಮೊದಲನೆಯದು ಬೇರೆಯೇ ಇತ್ತು.

ದಫೇದಾರನಿಗೆ ಹುಟ್ಟಿನಿಂದಲೇ ಕೆದಕುವ ಬುದ್ಧಿ. ಕಳ್ಳ ಸಿಕ್ಕರೆ ಏನು ಕದ್ದೆ ಎಂದು ಕೇಳುವ ಮುಂಚೆ, ಅಷ್ಟು ಸಣ್ಣ ಕಿಟಕಿಯಲ್ಲಿ ಹೇಗೆ ತೂರಿದೆ ಎಂದು ಕೇಳುವವನು. "ನಿಮಗೆ ಸಂಬಳ ಕೊಡೋದು ಕಾಯೋಕೆ, ಕೆದಕೋಕಲ್ಲ," ಎಂದು ಹೆಂಡತಿ ಹಂಗಿಸುತ್ತಿದ್ದಳು. ಬಡ್ತಿಯ ವಿಷಯದಲ್ಲಿ ಈ ಗುಣ ಅವನಿಗೆ ಮೂರು ಕಾಸಿನ ಉಪಕಾರವನ್ನೂ ಮಾಡಿರಲಿಲ್ಲ. ಆದರೂ ಬಿಟ್ಟಿರಲಿಲ್ಲ, ಬಿಡುವುದು ಅವನ ಕೈಯಲ್ಲೂ ಇರಲಿಲ್ಲ.

ಮುದುಕ ಒಂದು ಬೆಳಿಗ್ಗೆ ಟೀ ಅಂಗಡಿಯ ಷಟರಿಗೆ ಒರಗಿ ಕೂತಲ್ಲೇ ಹೋಗಿಬಿಟ್ಟಿದ್ದ. ಜೇಬಿನಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಹೆಸರು ಕೇಳಿದಾಗಲೆಲ್ಲ, "ಹೆಸರು ಕಟ್ಕೊಂಡು ಏನ್ ಮಾಡ್ತೀರಿ, ಕೂಗಿದ್ರೆ ಬರ್ತೀನಲ್ಲ," ಎಂದು ತಳ್ಳಿಹಾಕುತ್ತಿದ್ದವನು. ಬೀದಿಯವರು ಬಾಗಿಲುತಾತ ಎನ್ನುತ್ತಿದ್ದರು, ಅದೇ ಹೆಸರು. ಶವಾಗಾರದಲ್ಲಿ ಇಡಬೇಕಾದಷ್ಟು ದಿನ ಇಟ್ಟದ್ದಾಯಿತು, ಯಾರೂ ಬರಲಿಲ್ಲ. ಇವತ್ತು ಅನಾಮಧೇಯ ಗಂಡಸು ಎಂದು ಬರೆಸಿ ಚಿತಾಗಾರದ ಒಲೆಗೆ ಒಪ್ಪಿಸಿದರೆ ಠಾಣೆಯ ಕೆಲಸ ಮುಗಿಯಿತು. ಒಂದು ವರ್ಷ ಈ ಮನುಷ್ಯ ಪ್ರತಿ ರಾತ್ರಿ ಮುಚ್ಚಿದ ಬಾಗಿಲು ಬಡಿದು ಯಾರನ್ನು ಕೇಳುತ್ತಿದ್ದ, ಯಾರು ಯಾವ ಬಾಗಿಲಿನ ಹಿಂದೆ ಉಳಿದುಬಿಟ್ಟಿದ್ದರು ಎನ್ನುವುದು ಆ ಒಲೆಯ ಬಾಗಿಲು ಮುಚ್ಚಿದ ಮೇಲೆ ಯಾರಿಗೂ ತಿಳಿಯುವ ಹಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಇಷ್ಟು ಬಾಗಿಲು ಬಡಿದವನ ಹಿಂದೆ ಅವನವರು ಅಂತ ಒಂದು ಜೀವವೂ ಇಲ್ಲದೆ ಹೋಗುವುದು ದಫೇದಾರನಿಗೆ ಸಹಿಸಲಾಗಲಿಲ್ಲ.

ಅದಕ್ಕೇ ಅವನು ಒಂದು ಅಧಿಕಪ್ರಸಂಗ ಮಾಡಿದ್ದ. ಪತ್ರಿಕೆಗೆ ಕೊಡುವ ಪ್ರಕಟಣೆಯಲ್ಲಿ ಎತ್ತರ, ಮೈಬಣ್ಣ, ಹಣೆಯ ಗಾಯದ ಗುರುತು ಎಲ್ಲ ಬರೆದ ಮೇಲೆ, "ಹತ್ತಿ ತುಂಬಿದ ಕೋಟು ತೊಟ್ಟಿರುತ್ತಾರೆ, ಮುಚ್ಚಿದ ಬಾಗಿಲು ಬಡಿದು 'ಒಳಗೆ ಯಾರಿದ್ದೀರಾ?' ಎಂದು ಮೂರು ಸಲ ಕೇಳುವ ಅಭ್ಯಾಸವಿತ್ತು" ಎಂದು ಸೇರಿಸಿದ್ದ. ಇನ್ಸ್‌ಪೆಕ್ಟರು ಓದಿ, "ಇದೇನ್ರೀ, ಚಹರೆ ಪಟ್ಟಿನೋ ಕಾದಂಬರಿನೋ?" ಎಂದು ಹುಬ್ಬೇರಿಸಿದ್ದರು. ಎಲ್ಲಿಗೋ ಹೊರಡುವ ಅವಸರದಲ್ಲಿದ್ದುದರಿಂದ ಸಹಿ ಹಾಕಿದ್ದರು.

*

ವರ್ಷದ ಹಿಂದೆ ಮುದುಕನ ಬಗ್ಗೆ ಮೊದಲ ಸಲ ಕರೆ ಬಂದಾಗ ಕಂಟ್ರೋಲ್ ರೂಮಿನವರು ಹೇಳಿದ್ದು ಅಂಗಡಿ ಒಡೆಯುತ್ತಿದ್ದಾರೆ ಎಂದು. ದೂರು ಕೊಟ್ಟವರು ಆ ಬೀದಿಯ ಮೂಲೆಮನೆಯ ನಿವೃತ್ತ ಟೀಚರಮ್ಮ. ದಫೇದಾರ ಜೀಪು ತೆಗೆದುಕೊಂಡು ಹೋದ. ಬೀದಿದೀಪದ ಕೆಳಗೆ ಕೋಟು ತೊಟ್ಟ ಮುದುಕನೊಬ್ಬ ಚಪ್ಪಲಿ ಅಂಗಡಿಯ ಷಟರನ್ನು ಅಂಗೈಯಿಂದ ಮೂರು ಸಲ ಬಡಿದು, ಕಿವಿ ಅಂಟಿಸಿ, ಎರಡು ಬೀದಿ ಆಚೆಗೂ ಕೇಳುವ ಹಾಗೆ ಕೂಗಿದ:

"ಒಳಗೆ ಯಾರಿದ್ದೀರಾ?"

ಮೇಲಿನ ಮನೆಗಳಲ್ಲಿ ಒಂದೊಂದೇ ದೀಪ ಹತ್ತಿದವು. ಒಂದು ಮಗು ಅಳತೊಡಗಿತು. ಯಾರೋ ಮಹಡಿಯಿಂದ, "ಆ ಮುದುಕನ್ನ ಎತ್ತಾಕ್ಕೊಂಡು ಹೋಗ್ರೀ!" ಎಂದು ಕಿರುಚಿದರು.

"ಏಯ್, ಏನಯ್ಯಾ ಇದು? ಈ ಹೊತ್ತಲ್ಲಿ ಯಾರಿರ್ತಾರೆ ಒಳಗೆ?" ಎಂದ ದಫೇದಾರ.

"ಷ್! ಉತ್ತರ ಬರ್ಬಹುದು, ಸುಮ್ನಿರಿ."

"ಒಳಗೆ ಯಾರೂ ಇಲ್ಲ."

ಮುದುಕ ಅವನ ಕಡೆ ತಿರುಗಿದ. ಕೋಪವೇನೂ ಇರಲಿಲ್ಲ, ಸ್ವಲ್ಪ ಕನಿಕರವಿದ್ದ ಹಾಗಿತ್ತು. "ಯಾರೂ ಇಲ್ಲ ಅಂತ ನಿಮಗೆ ಒಳಗಿಂದ ಯಾರು ಹೇಳಿದ್ರು?"

ಜೀಪಿನ ಡ್ರೈವರು ಸ್ಟಿಯರಿಂಗಿಗೆ ತಲೆ ಹಚ್ಚಿ ನಕ್ಕಿದ್ದು ಕೇಳಿಸಿತು. ಮರ್ಯಾದೆಯ ಪ್ರಶ್ನೆಯಾದ್ದರಿಂದ ಮುದುಕನನ್ನು ಠಾಣೆಗೆ ಕರೆತಂದರು. ಬಂದವನು ಬೆಂಚಿನ ಮೇಲೆ ಕೂರಲಿಲ್ಲ, ನೆಟ್ಟಗೆ ಲಾಕಪ್ಪಿನ ಬಾಗಿಲಿಗೆ ಹೋಗಿ ಬಡಿದ. ಒಳಗೆ ಒಬ್ಬ ಜೇಬುಗಳ್ಳ ಮಲಗಿದ್ದ. ಕಂಬಳಿಯೊಳಗಿಂದಲೇ, "ಇದ್ದೀನಿ ತಾತಾ, ನಾನಿದ್ದೀನಿ!" ಎಂದ.

ಮುದುಕನ ಮುಖ ಅರಳಿತು. "ಇದ್ದೀಯಾ? ಸರಿ ಹಾಗಾದ್ರೆ. ಬೇಗ ಬಾ, ಬಾಗಿಲು ಹಾಕ್ಬೇಕು." ಆಮೇಲೆ ದಫೇದಾರನ ಕಡೆ ತಿರುಗಿ, "ಇದ್ದಾನಂತೆ. ತೆಗೀರಿ," ಎಂದ.

"ತೆಗೀರಿ ಸಾರ್, ಹಿರಿಯರ ಮಾತು," ಎಂದ ಜೇಬುಗಳ್ಳ.

ತೆಗೆಯಲಿಲ್ಲ, ಅದು ಬೇರೆ ಮಾತು. ಆದರೆ ಉತ್ತರ ಸಿಕ್ಕಿದ್ದೇ ಮುದುಕ ಬೆಂಚಿನ ಮೇಲೆ ಕಾಲು ಮಡಚಿಕೊಂಡು, ದಿನದ ಕೆಲಸ ಮುಗಿಸಿದವನ ಹಾಗೆ ಮಲಗಿ ಗೊರಕೆ ಹೊಡೆದ. ದಫೇದಾರ ಅದನ್ನೇ ನೋಡುತ್ತ ಕೂತ.

ಅಂದಿನಿಂದ ಅವನಿಗೆ ಉಪಾಯ ತಿಳಿಯಿತು. ದೂರು ಬಂದ ರಾತ್ರಿ ಹೋಗುವುದು, ಮುದುಕನ ಬೆನ್ನ ಹಿಂದೆ ನಿಲ್ಲುವುದು, "ಇದ್ದೀನಿ, ಬಂದೆ ಬಂದೆ," ಎನ್ನುವುದು. ಹಿಂದಿನಿಂದ ಬಂದ ಉತ್ತರವೂ ಮುದುಕನಿಗೆ ನಡೆಯುತ್ತಿತ್ತು. ತಿರುಗಿ ನೋಡಿ, ಅಡಿಯಿಂದ ಮುಡಿಯವರೆಗೆ ಅಳೆದು, "ಚಳಿ ಆಯ್ತಾ?" ಎಂದು ಕೇಳುತ್ತಿದ್ದ. ಕೇಳುವುದಷ್ಟೇ ಅಲ್ಲ, ಕೋಟು ಬಿಚ್ಚಿ ದಫೇದಾರನ ಹೆಗಲಿಗೆ ಹಾಕಿಬಿಡುತ್ತಿದ್ದ. ಕಡು ಬೇಸಿಗೆಯ ರಾತ್ರಿ, ಸಮವಸ್ತ್ರದ ಮೇಲೆ ಹತ್ತಿಕೋಟು ಹೊದ್ದು, ಬೆವರಿಳಿಸಿಕೊಂಡು ನಿಂತ ದಫೇದಾರನನ್ನು ನೋಡಿ ಮಹಡಿಯವರು ನಗುತ್ತಿದ್ದರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಮುದುಕನ ಪಕ್ಕ ಮೆಟ್ಟಿಲ ಮೇಲೆ ಕೂತು ಬಗೆಬಗೆಯಾಗಿ ಕೆದಕುತ್ತಿದ್ದ. ಯಾರನ್ನ ಹುಡುಕ್ತಿದೀರಿ ತಾತಾ? ಮಗನಾ, ಮಗಳಾ?

"ಹುಡುಕೋದೇನಿದೆ? ಕೇಳಿದೆ ಅಷ್ಟೇ," ಎನ್ನುತ್ತಿದ್ದ ಮುದುಕ. "ಕೇಳದೆ ಬಾಗಿಲು ಹಾಕ್ಬಾರದು."

ಇಷ್ಟು ಬಿಟ್ಟರೆ ಒಂದು ಅಕ್ಷರ ಹೆಚ್ಚು ಹೊರಡುತ್ತಿರಲಿಲ್ಲ.

*

ಚಿತಾಗಾರ ಊರ ಹೊರಗಿನ ತಗಡು ಕಾರ್ಖಾನೆಗಳ ಸಾಲಿನಲ್ಲಿತ್ತು. ಉದ್ದನೆಯ ಒಂದು ಹಾಲು, ಅದರ ಕೊನೆಯಲ್ಲಿ ಇಟ್ಟಿಗೆಯ ಗೂಡಿಗೆ ಕಬ್ಬಿಣದ ಬಾಗಿಲು, ಪಕ್ಕದಲ್ಲಿ ಹಸಿರು, ಕೆಂಪು ಗುಂಡಿಗಳ ಪೆಟ್ಟಿಗೆ. ಆಪರೇಟರು ತೆಳ್ಳಗಿನ ಮನುಷ್ಯ. ಕುತ್ತಿಗೆಗೆ ಟವೆಲ್ಲು ಸುತ್ತಿಕೊಂಡು, ಹೆಣ ಇಳಿಸುವ ಮುಂಚೆಯೇ ಅವಸರ ಶುರು ಮಾಡಿದ.

"ಬೇಗ ಬೇಗ. ಇದಾದ್ಮೇಲೆ ಇನ್ನೊಂದಿದೆ. ಗೂಡಲ್ಲಿ ನಿನ್ನೆ ಬಿಸಿ ಸ್ವಲ್ಪ ಉಳಿದಿದೆ. ಬಾಗಿಲು ತೆಗೆದು ಮಾತಾಡ್ತಾ ನಿಂತ್ರೆ ಅದೂ ಹೋಗುತ್ತೆ. ಮತ್ತೆ ಕಾಯಿಸೋಕೆ ಗ್ಯಾಸು ನಮ್ಮಪ್ಪ ಕೊಡ್ತಾನಾ?"

ಕೋಟನ್ನು ಕಂಡು ಕೈ ಅಡ್ಡ ಹಿಡಿದ. "ಇದು ಒಳಗೆ ಹೋಗಲ್ಲ. ಜಿಪ್ಪು, ಪ್ಲಾಸ್ಟಿಕ್ಕು. ನೀವೇ ಇಟ್ಕೊಳ್ಳಿ."

ದಫೇದಾರ ಕೋಟನ್ನು ತೋಳಿನ ಮೇಲೆ ಹಾಕಿಕೊಂಡ. ಅಷ್ಟರಲ್ಲಿ ಟೀಚರಮ್ಮ ಆಟೋದಿಂದ ಇಳಿದರು. ಕೈಯಲ್ಲಿ ತಮ್ಮ ಹಿತ್ತಿಲಿನ ಬಿಳಿ ಹೂವಿನ ಒಂದು ಕಟ್ಟು. ಅವರನ್ನು ಕಂಡು ಟೀ ಅಂಗಡಿಯವ ಮುಖ ಊದಿಸಿಕೊಂಡ.

"ಇವರ್ಯಾಕೆ ಬಂದ್ರು?" ಎಂದು ದಫೇದಾರನ ಕಿವಿಯಲ್ಲಿ ಪಿಸುಗುಟ್ಟಿದ. "ತಾತನ್ನ ಹಿಡ್ಕೊಂಡು ಹೋಗಿ ಅಂತ ಫೋನ್ ಮಾಡಿ ಮಾಡಿ ನಿಮ್ಮ ಠಾಣೆ ನಂಬರ್ ಬಾಯಿಪಾಠ ಆಗಿತ್ತು ಇವರಿಗೆ."

"ಕೇಳಿಸ್ತು ಕಣಯ್ಯಾ," ಎಂದರು ಟೀಚರಮ್ಮ. "ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗೇ ಇದೆ."

ದಫೇದಾರನಿಗೆ ಮೂರನೆಯ ಪ್ರಶ್ನೆಯೊಂದು ನೆನಪಾಯಿತು. ಈಚೆಗೆ ಒಂದೆರಡು ತಿಂಗಳಿಂದ ಟೀಚರಮ್ಮನ ಫೋನು ಪೂರ್ತಿ ನಿಂತುಹೋಗಿತ್ತು. ಮುದುಕ ಕೂಗುವುದು ನಿಂತಿತ್ತೇ ಎಂದರೆ ಅದೂ ಇಲ್ಲ. ಕೂಗುತ್ತಿದ್ದ, ಬೇಗ ಮಲಗುತ್ತಿದ್ದ. ಇದು ಹೇಗೆಂದು ಅವನು ಆಗಲೇ ತಲೆ ಕೆರೆದುಕೊಂಡಿದ್ದ.

"ಟೀಚರಮ್ಮಾ, ತಪ್ಪು ತಿಳೀಬೇಡಿ. ದೂರು ಕೊಡೋದು ಯಾಕೆ ನಿಲ್ಲಿಸಿದ್ರಿ?"

ಟೀಚರಮ್ಮ ಹೂವಿನ ದಾರ ಸರಿಮಾಡುತ್ತ ನಿಂತರು. "ನಿಮ್ಮ ಜೀಪು ಬರೋ ಅಷ್ಟರಲ್ಲಿ ನಿದ್ದೆ ಹಾಳಾಗ್ತಿತ್ತು. ಒಂದಿನ ರೇಗಿ, ಕಿಟಕಿ ತೆಗೆದು, ನೀವು ಹೇಳೋದನ್ನೇ ಹೇಳಿದೆ."

"ಏನಂತ?"

"ಇದ್ದೀನಿ ಅಂತ. ಇನ್ನೇನನ್ನಲಿ, ಇದ್ದೀನಲ್ಲ." ಹೂವಿನ ಕಟ್ಟನ್ನು ಇನ್ನೊಂದು ಕೈಗೆ ಬದಲಿಸಿದರು. "ಸರಿ ಹಾಗಾದ್ರೆ ಅಂದ. ಮಲಗ್ದ. ಮಾರನೆ ದಿನ ನಾನು ಕಿಟಕಿ ತೆಗೆದೇ ಇಟ್ಟಿದ್ದೆ. ಇವತ್ತು ಯಾಕಿನ್ನೂ ಕೇಳ್ಲಿಲ್ಲ ಅಂತ ಕಾಯೋ ಹಾಗಾಯ್ತು ಕಣಯ್ಯಾ. ಮೂವತ್ತು ವರ್ಷ ಮಕ್ಕಳ ಹಾಜರಿ ನಾನು ಕೂಗಿದ್ದು. ನನ್ನ ಹಾಜರಿ ತಗೊಂಡೋನು ಇವನೊಬ್ಬ. ಈಗ ಬೀದಿ ಗಪ್‌ಚುಪ್ಪಾಗಿದೆ, ನಿದ್ದೆನೇ ಹತ್ತಲ್ಲ."

ಟೀ ಅಂಗಡಿಯವನ ಊದಿದ ಮುಖ ಇಳಿಯಿತು. ಹೋಗಿ ಅವರಿಗೆ ಕುರ್ಚಿಯೊಂದನ್ನು ಹುಡುಕಿ ತಂದ.

"ನನ್ನ ಲೆಕ್ಕದಲ್ಲಿ ತಾತ ಬ್ಯಾಂಕಿನ ವಾಚ್‌ಮನ್ ಆಗಿದ್ರು," ಎಂದ ಅವನು. "ದೊಡ್ಡ ಕಬ್ಬಿಣದ ರೂಮಿನ ಹೊರಗೆ ಕಾವಲು. ಒಂದಿನ ಯಾರನ್ನೋ ಒಳಗೆ ಬಿಟ್ಟು ಬೀಗ ಹಾಕಿಬಿಟ್ಟಿರ್ತಾರೆ. ಆಮೇಲೆ ಎದೆ ಒಡೆದಿರುತ್ತೆ."

"ಮಗುನೋ ಮರಿನೋ ಇರಬೇಕು," ಎಂದರು ಟೀಚರಮ್ಮ. "ಸ್ವಂತ ಮಗು ಅಲ್ದಿದ್ರೆ ಹಾಗೆ ಹುಡುಕ್ತಾರಾ?"

"ಹಾಗಾದ್ರೆ ಕೋಟು?" ಎಂದ ದಫೇದಾರ.

"ಮಾತು ಸಾಕು, ನಾನು ತೆಗೀತೀನಿ," ಎಂದು ಆಪರೇಟರು ಹಸಿರು ಗುಂಡಿ ಒತ್ತಿದ. ಗೂಡಿನ ಬಾಗಿಲು ಕಿರ್ರೆಂದು ಮೇಲಕ್ಕೆ ಎದ್ದಿತು. ಒಳಗಿನ ಬೆಚ್ಚನೆ ಗಾಳಿ ಹಾಲಿಗೆ ಬಂತು. ದಫೇದಾರ ಕೊನೆಗೂ ತಿಳಿಯಲಿಲ್ಲವಲ್ಲ ಎಂದುಕೊಂಡ.

ಸ್ಟ್ರೆಚರನ್ನು ಹಳಿಯ ಮೇಲೆ ಇಡುವಷ್ಟರಲ್ಲಿ ಹೊರಗೆ ಗೇಟಿನ ಸದ್ದಾಯಿತು. ಒಬ್ಬ ಹೆಂಗಸು ಓಡಿಯೇ ಬರುತ್ತಿದ್ದಳು. ನಲವತ್ತರ ಆಸುಪಾಸು, ಕೈಯಲ್ಲಿ ಮಡಚಿದ ಪತ್ರಿಕೆ. ಹಾಲಿನ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ ಎಲ್ಲರನ್ನೂ ನೋಡಿದಳು. ಅವಳ ಕಣ್ಣು ಹೋಗಿ ನಿಂತದ್ದು ದಫೇದಾರನ ತೋಳಿನ ಮೇಲಿದ್ದ ಕೋಟಿನ ಮೇಲೆ. ಹತ್ತಿರ ಬಂದು ಕೋಟಿನ ಎಡ ತೋಳನ್ನು ತಿರುಗಿಸಿ ಒಳಮೈ ನೋಡಿದಳು. ಅಲ್ಲಿ ಕೆಂಪು ದಾರದಲ್ಲಿ ಹಾಕಿದ ತೇಪೆಯಿತ್ತು.

"ಇದು ನಾನು ಹಾಕಿದ್ದು," ಎಂದಳು. "ನೀಲಿ ದಾರ ಇರ್ಲಿಲ್ಲ."

ಆಮೇಲೆ ಸ್ಟ್ರೆಚರಿನ ಹತ್ತಿರ ಹೋದಳು. ದಫೇದಾರ ಮುಖದ ಮೇಲಿನ ಬಟ್ಟೆ ಸರಿಸಿದ. ಅವಳು, "ಅಣ್ಣಾ," ಎಂದಳು, ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು.

ಆಪರೇಟರು ಗೋಡೆಯ ಗಡಿಯಾರ ನೋಡಿದ. ಆದರೆ ಅಳುವವರನ್ನು ಅವಸರಿಸುವುದು ಅವನಿಗೂ ಒಗ್ಗದ ಕೆಲಸ. ಗುಂಡಿ ಒತ್ತಿ ಬಾಗಿಲು ಇಳಿಸಿ, ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ ಪಕ್ಕಕ್ಕೆ ನಿಂತ. ದಫೇದಾರ ಮೆಲ್ಲಗೆ ಕೇಳಿದ, "ಒಳಗೆ ಯಾರಿದ್ದೀರಾ ಅಂತ ಕೇಳ್ತಿದ್ರಲ್ಲ ಅಮ್ಮಾ, ಯಾರನ್ನ?"

"ನನ್ನನ್ನೇ," ಎಂದಳು ಅವಳು.

*

ಅದು ಹಣ್ಣಿನ ಕೋಲ್ಡ್ ಸ್ಟೋರೇಜು. ಮನೆಯಷ್ಟು ದೊಡ್ಡ ಕೋಣೆಗಳು, ಸೂರಿನವರೆಗೆ ಪೇರಿಸಿದ ಕ್ರೇಟುಗಳು, ಒಂದು ಮೊಳ ದಪ್ಪದ ಬಾಗಿಲು. ಬಾಗಿಲಿನ ಒಳಗಡೆಯ ಹಿಡಿ ಎಂದೋ ಮುರಿದಿತ್ತು, ಯಾರೂ ಸರಿ ಮಾಡಿಸಿರಲಿಲ್ಲ. ಹಾಗಾಗಿ ಸಂಜೆ ಬಾಗಿಲು ಹಾಕುವವನು ಮೂರು ಸಲ ಬಡಿದು ಒಳಗೆ ಯಾರಿದ್ದೀರಾ ಎಂದು ಕೇಳಬೇಕು. ಅವನೇ ಈ ಅಣ್ಣ. ಹಣ್ಣು ಆರಿಸುವ ಹುಡುಗಿಯರು, ಹೊರಗೆ ಬಂದು ಅವನ ಹಿಂದೆಯೇ ನಿಂತಿದ್ದರೂ, "ಯಾರೂ ಇಲ್ಲ ಅಣ್ಣೋ!" ಎಂದು ಕೂಗಿ ಛೇಡಿಸುತ್ತಿದ್ದರು. ಅವನೂ ನಗುತ್ತಿದ್ದ. ಕೇಳುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಇವಳು ಆಗ ಹಣ್ಣು ಆರಿಸುವವರಲ್ಲಿ ಎಲ್ಲರಿಗಿಂತ ಚಿಕ್ಕವಳು. ಒಂದು ದಿನ ಮನೆಯಲ್ಲಿ ಏನೋ ಆಯಿತು. "ಏನು ಅಂತ ಈಗ ಬೇಡ ಸಾರ್. ಈಗ ಅದು ಅಷ್ಟು ದೊಡ್ಡದಾಗಿ ಕಾಣಲ್ಲ. ಆವತ್ತು ಕಂಡಿತ್ತು." ಕೆಲಸಕ್ಕೆ ಒಳಗೆ ಹೋಗುವವರು ಗೂಟದಿಂದ ತಮ್ಮ ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳಬೇಕು, ಹೊರಗೆ ಬಂದವರು ಮತ್ತೆ ನೇತುಹಾಕಬೇಕು. ಅವಳು ಬಿಲ್ಲೆ ನೇತುಹಾಕಿ, ಗಲಾಟೆಯಲ್ಲಿ ಯಾರಿಗೂ ಕಾಣದ ಹಾಗೆ ತಿರುಗಿ ಒಳಗೆ ಹೋದಳು. ಕೊನೆಯ ಸಾಲಿನ ಕ್ರೇಟುಗಳ ಸಂದಿಯಲ್ಲಿ ಮುದುರಿ ಕೂತಳು. ಹೊರಗೆ ಬರುವ ಮನಸ್ಸು ಅವಳಿಗಿರಲಿಲ್ಲ.

ಅಣ್ಣ ಮೂರು ಸಲ ಕೇಳಿದ. ಅವಳು ಉಸಿರೆತ್ತಲಿಲ್ಲ.

ಆ ದಿನ ಯಾಕೋ ಅವನು ಬಾಗಿಲು ಹಾಕಲಿಲ್ಲ. ಮೇಲ್ವಿಚಾರಕ ಬಂದು ಬಿಲ್ಲೆಗಳನ್ನು ತೋರಿಸಿದ. "ಎಲ್ಲಾ ಇವೆ. ಹಾಕಯ್ಯಾ."

"ಕೇಳಿದೆ, ಉತ್ತರ ಬರ್ಲಿಲ್ಲ."

"ಒಳಗೆ ಯಾರೂ ಇಲ್ದಿದ್ರೆ ಉತ್ತರ ಎಲ್ಲಿಂದಯ್ಯಾ ಬರುತ್ತೆ?"

"ಅದೂ ನಿಜಾನೇ," ಎಂದ ಅಣ್ಣ. "ಆದ್ರೂ ಇವತ್ತು ಮನಸ್ಸು ಬರ್ತಿಲ್ಲ."

ಟಾರ್ಚು ಹಿಡಿದು ಒಂದು ಸುತ್ತು ಹುಡುಕಿದ, ಸಂದಿಯಲ್ಲಿದ್ದವಳು ಕಾಣಲಿಲ್ಲ. ಮೇಲ್ವಿಚಾರಕ ಬೈದು, ಮಾಲೀಕರಿಗೆ ಹೇಳುತ್ತೇನೆಂದು ಹೆದರಿಸಿ ಹೊರಟುಹೋದ. ಅಣ್ಣ ತನ್ನ ಸ್ಟೂಲನ್ನು ಎಳೆದುಕೊಂಡು ಬಂದು ತೆರೆದ ಬಾಗಿಲಿನ ಎದುರಿಗೆ ಹಾಕಿಕೊಂಡು ಕೂತ. ಚಳಿ ಹೊರಗೆ ಹೋಗುತ್ತಿತ್ತು, ಮೋಟರುಗಳು ಬೊಬ್ಬೆ ಹೊಡೆಯುತ್ತಿದ್ದವು. ಅವನು ಒಳಗಿನ ಕತ್ತಲೆಗೆ ಮಾತಾಡತೊಡಗಿದ.

"ನೋಡಪ್ಪಾ, ಇಲ್ಲ ನೋಡಮ್ಮಾ, ಯಾರಿದ್ದೀಯೋ ಗೊತ್ತಿಲ್ಲ. ನನಗೇನೂ ಅವಸರ ಇಲ್ಲ."

ಹೊಸ ಚಪ್ಪಲಿ ಕಚ್ಚುತ್ತಿರುವುದನ್ನು ಹೇಳಿದ. ಅಂಗಡಿಯವನು ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಎಂದು ನಂಬಿಸಿದ್ದನ್ನು ಹೇಳಿದ. ನಡುನಡುವೆ ಒಳಗೆ ಯಾರಿದ್ದೀರಾ ಎಂದು ಕೇಳುತ್ತಿದ್ದ, ಮತ್ತೆ ಚಪ್ಪಲಿಗೆ ಬರುತ್ತಿದ್ದ. ಬಹಳ ಹೊತ್ತಾದ ಮೇಲೆ, "ಒಳಗೆ ನಿಜವಾಗ್ಲೂ ಯಾರೂ ಇಲ್ದಿದ್ರೆ, ನಾನೀಗ ಹಣ್ಣುಗಳ ಹತ್ರ ಕಷ್ಟ ಹೇಳ್ಕೊಂಡ ಹಾಗಾಯ್ತು. ಅದನ್ನಾದ್ರೂ ಹೇಳ್ಬಿಡು ತಾಯಿ," ಎಂದ.

ಅವಳಿಗೆ ನಗು ಬಂತು. ಹಲ್ಲು ಕಟಕಟ ಎನ್ನುತ್ತಿದ್ದಾಗ, ಸಾಯಬೇಕೆಂದು ಕೂತಿದ್ದಾಗ, ಆ ಕಚ್ಚುವ ಚಪ್ಪಲಿಗೆ ನಗು ಬಂತು. ನಗು ಬಂದ ಮೇಲೆ ಅಳು ಬಂತು.

"ಇದ್ದೀನಿ," ಎಂದಳು.

"ಇದ್ದೀಯಾ? ಸರಿ ಹಾಗಾದ್ರೆ. ಬೇಗ ಬಾ, ಬಾಗಿಲು ಹಾಕ್ಬೇಕು."

ಹೊರಗೆ ಬಂದವಳನ್ನು ಅವನು ಯಾಕೆ ಎಂದು ಕೇಳಲಿಲ್ಲ. ಅಡಿಯಿಂದ ಮುಡಿಯವರೆಗೆ ನೋಡಿ, "ಚಳಿ ಆಯ್ತಾ?" ಎಂದು ತನ್ನ ಕೋಟು ಬಿಚ್ಚಿ ಹೊದಿಸಿದ. ಮನೆಯ ತಿರುವಿನವರೆಗೆ ಹಿಂದೆ ಹಿಂದೆ ನಡೆದು ಬಂದ. "ನೀನು ಸಂಜೆನೇ ಮನೆಗೆ ಹೋದೆ. ಬಿಲ್ಲೆ ಗೂಟದಲ್ಲಿದೆ. ಯಾರು ಕೇಳಿದ್ರೂ ಅಷ್ಟೇ. ಹೆಣ್ಣುಮಗಳು, ಊರ ಬಾಯಿಗೆ ಬೀಳೋದು ಬೇಡ," ಎಂದ. ಅವಳು ಕೋಟಿನ ಹರಿದ ತೋಳಿಗೆ ತೇಪೆ ಹಾಕಿ ಮಾರನೆಯ ದಿನ ತಂದಾಗ, ಅವನನ್ನು ಕೆಲಸದಿಂದ ತೆಗೆದು ಗೇಟಿನ ಹೊರಗೆ ನಿಲ್ಲಿಸಿದ್ದರು. ಒಂದು ಕೋಣೆಯ ಹಣ್ಣು ಮೆತ್ತಗಾಗಿತ್ತು. ಯಾಕೆ ಬಾಗಿಲು ತೆರೆದಿಟ್ಟೆ ಎಂದು ಮಾಲೀಕ ಎಲ್ಲರ ಮುಂದೆ ಕೇಳಿದಾಗ, ಯಾಕೋ ಹಾಕೋಕೆ ಮನಸ್ಸು ಬರ್ಲಿಲ್ಲ ಎಂದಷ್ಟೇ ಹೇಳಿದನಂತೆ. ತಲೆ ಕೆಟ್ಟಿದೆ ಎಂದು ನಕ್ಕರಂತೆ. ಅವಳು ನಿಜ ಹೇಳಲು ಬಾಯಿ ತೆರೆಯಹೋದದ್ದನ್ನು ಕಂಡು ಅವನು ಕಣ್ಣಲ್ಲೇ ಬೇಡವೆಂದ. ಕೋಟು ತೆಗೆದುಕೊಂಡು, ತೇಪೆ ನೋಡಿ, "ಕೆಂಪು ಚೆನ್ನಾಗಿದೆ," ಎಂದು ಹೇಳಿ ಹೊರಟುಹೋದ.

*

"ಆಮೇಲೆ ಎಲ್ಲೆಲ್ಲೋ ವಿಚಾರಿಸ್ದೆ ಸಾರ್," ಎಂದಳು ಅವಳು. "ಮದುವೆ ಆಯ್ತು, ಎರಡು ಮಕ್ಕಳಾದ್ವು. ಈಗ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಚಳಿ ಕೆಲಸಕ್ಕೆ ಮತ್ತೆ ಹೋಗ್ಲಿಲ್ಲ. ಇವರು ಬೀದಿಯಲ್ಲಿದ್ದಾರೆ ಅಂತ ಗೊತ್ತಿದ್ರೆ ಮನೆಗೆ ಕರ್ಕೊಂಡು ಹೋಗ್ತಿದ್ದೆ. ಇವತ್ತು ಬಟ್ಟೆ ಕಟ್ಟೋಕೆ ಅಂತ ಪೇಪರ್ ಹರಡಿದ್ರೆ, ಅದರಲ್ಲಿ ಒಳಗೆ ಯಾರಿದ್ದೀರಾ ಅಂತ ಇತ್ತು. ಠಾಣೆಗೆ ಓಡಿದೆ, ಇಲ್ಲಿಗೆ ತಂದಿದ್ದಾರೆ ಅಂದ್ರು." ಕಣ್ಣೊರೆಸಿಕೊಂಡು ದಫೇದಾರನನ್ನೇ ಕೇಳಿದಳು: "ನಾನು ಇದ್ದೀನಿ ಅಂತ ಇವರಿಗೆ ಗೊತ್ತಿತ್ತಲ್ಲ ಸಾರ್. ಕೂತು ಕಾದು ಹೊರಗೆ ಕರೆದೋರೇ ಅವರು. ಮತ್ಯಾಕೆ ಕೇಳ್ತಾನೇ ಇದ್ರು?"

ಪ್ರಶ್ನೆ ಕೇಳುವುದರಲ್ಲಿ ಎತ್ತಿದ ಕೈಯಾದ ದಫೇದಾರ ಟೀಚರಮ್ಮನ ಕಡೆ ನೋಡಿದ. ಟೀಚರಮ್ಮ ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸುತ್ತಿದ್ದರು. ಒರೆಸಿ ಹಾಕಿಕೊಂಡವರು ಮತ್ತೆ ತೆಗೆದು ಒರೆಸತೊಡಗಿದರು.

ದಫೇದಾರ ಠಾಣೆಯಿಂದ ತಂದಿದ್ದ ಕಾಗದ ತೆಗೆದ. ಮುದುಕನ ಹೆಸರು ಕೇಳಿದ, ಅವಳು ಹೇಳಿದಳು. ಅನಾಮಧೇಯ ಎನ್ನುವುದರ ಮೇಲೆ ಅಡ್ಡಗೆರೆ ಎಳೆದು ಹೆಸರು ಬರೆದ. ಸಂಬಂಧ ಎನ್ನುವ ಜಾಗಕ್ಕೆ ಬಂದಾಗ ಅವನ ಪೆನ್ನು ನಿಂತಿತು.

"ತಂಗಿ ಅಂತ ಬರ್ಕೊಳ್ಳಿ," ಎಂದಳು ಅವಳು.

ಕಾಯಿದೆ ಪ್ರಕಾರ ಇದಕ್ಕೆ ದಾಖಲೆ ಬೇಕು. ದಫೇದಾರ ತನ್ನ ಜೀವಮಾನದಲ್ಲಿ ಮೊದಲ ಸಲ ಏನೂ ಕೆದಕದೆ ತಂಗಿ ಎಂದು ಬರೆದ. ಟೀಚರಮ್ಮ ಹೂವನ್ನು ಮುದುಕನ ಎದೆಯ ಮೇಲಿಟ್ಟರು. ಟೀ ಅಂಗಡಿಯವ ಮುಖದ ಬಟ್ಟೆ ಸರಿಮಾಡಿದ. ಆಪರೇಟರು ಮತ್ತೆ ಬಾಗಿಲು ಎತ್ತಿ, ಸ್ಟ್ರೆಚರನ್ನು ಹಳಿಯ ಮೇಲೆ ಒಳಗೆ ದೂಡಿ, ಬೆಂಕಿ ಹೊತ್ತಿಸುವ ಮುಂಚೆ ಬಾಗಿಲು ಇಳಿಸಲು ಗುಂಡಿಯ ಮೇಲೆ ಬೆರಳಿಟ್ಟ.

"ಹಾಕ್ಲಾ?"

"ಒಂದ್ನಿಮಿಷ ತಡೀರಿ."

ಅವಳು ಕೋಟನ್ನು ಎದೆಗವಚಿಕೊಂಡು ಗೂಡಿನ ಹತ್ತಿರ ಹೋದಳು. ಬಾಗಿಲಿನ ಕಬ್ಬಿಣದ ಚೌಕಟ್ಟನ್ನು ಅಂಗೈಯಿಂದ ಮೂರು ಸಲ ಬಡಿದಳು.

"ಒಳಗೆ ಯಾರಿದ್ದೀರಾ?"

ಇಟ್ಟಿಗೆಯ ಗೂಡಿನಲ್ಲಿ ಧ್ವನಿ ಸುತ್ತಿ ಬಂತು. ಇನ್ನೆಷ್ಟು ಹೊತ್ತು ಎಂದು ಕೇಳಲು ಬಂದಿದ್ದ ವ್ಯಾನಿನ ಚಾಲಕ ಬೀಗದ ಕೈ ಆಡಿಸುವುದನ್ನು ನಿಲ್ಲಿಸಿದ. ಅವಳು ಎರಡನೆಯ ಸಲ ಕೇಳಿದಳು. ಮೂರನೆಯ ಸಲ ಅವಳ ದನಿ ಒಡೆದು ನಿಂತುಹೋಯಿತು. ಆಗ ಹಿಂದಿನಿಂದ ಟೀಚರಮ್ಮ ಕೊನೆಯ ಬೆಂಚಿಗೂ ಕೇಳಿಸುವಂಥ ತಮ್ಮ ಹಳೆಯ ದನಿಯಲ್ಲಿ ಅದನ್ನು ಪೂರ್ತಿ ಮಾಡಿದರು.

ಬೆಚ್ಚನೆ ಗಾಳಿ ಒಂದೇ ಸಮನೆ ಹೊರಗೆ ಬರುತ್ತಿತ್ತು.

"ಬಿಸಿ ಹೋಗ್ತಿದೆ..." ಎಂದು ಆಪರೇಟರು ಶುರು ಮಾಡಿದ.

"ಉತ್ತರ ಬರ್ಲಿಲ್ಲ," ಎಂದಳು ಅವಳು. ವಾದಕ್ಕೆ ಹೇಳಿದ ಹಾಗಿರಲಿಲ್ಲ. ನಿಂತ ನೆಲದಿಂದ ಕಾಲು ಕೀಳಲು ಅವಳಿಗೆ ಆಗುತ್ತಿರಲಿಲ್ಲ.

ಆಪರೇಟರು ದಫೇದಾರನನ್ನು ನೋಡಿದ. ದಫೇದಾರ ತಲೆ ತಗ್ಗಿಸಿದ. ಗೋಡೆಯ ಗಡಿಯಾರವನ್ನು ಒಮ್ಮೆ ನೋಡಿ ಆಪರೇಟರು ಗುಂಡಿಯಿಂದ ಬೆರಳು ತೆಗೆದ. ತನ್ನ ಕೋಣೆಗೆ ಹೋಗಿ, ದಿನವಿಡೀ ತಾನು ಕೂರುವ ಸ್ಟೂಲನ್ನು ಎತ್ತಿಕೊಂಡು ಬಂದ. ಕುತ್ತಿಗೆಯ ಟವೆಲ್ಲಿನಿಂದ ಅದರ ಧೂಳು ಕೊಡವಿ, ತೆರೆದ ಬಾಗಿಲಿನ ಎದುರಿಗೆ ಇಟ್ಟ.

"ಕೂತ್ಕೊಳ್ಳಮ್ಮಾ," ಎಂದ. "ನನಗೇನೂ ಅವಸರ ಇಲ್ಲ."